ಅಪ್ಪೆಮಿಡಿ ಮರದ ಗುಟ್ಟು, ನಿದ್ದೆ ಬಾರದ ರಾತ್ರಿಗಳು

ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ಈ ಸಂಶೋಧಕಿಯನ್ನು ಸುಧಾ ಎಂದು ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಶಿರಸಿ ಸುತ್ತಮುತ್ತಲಿನ ಹಳ್ಳದ ದಂಡೆಗಳಲ್ಲಿ ಬೆಳೆದ ಅಪ್ಪೆಮಿಡಿ ಮಾವಿನ ಮರಗಳ ಬಗ್ಗೆ ಅವರು 4 ವರ್ಷ ಕೆಲಸ ಮಾಡಿದ್ದರು. ಯಾವ ಮರದ ಮಿಡಿಗೆ ಜೀರಿಗೆಯ ಪರಿಮಳ, ಯಾವುದರ ಸೊನೆ ಗಟ್ಟಿ, ಯಾವುದು ವರ್ಷ ಬಿಟ್ಟು ವರ್ಷ ಕಾಯಿ ಬಿಡುತ್ತದೆ, ಎಲ್ಲವೂ ಅವರ ಕಡತದಲ್ಲಿತ್ತು. ಜೊತೆಗೆ ಪ್ರತಿ ಮರದ ಜಿಪಿಎಸ್ ಗುರುತು.

ಪ್ರಬಂಧ ಪ್ರಕಟವಾಗಬೇಕಾದರೆ ದತ್ತಾಂಶವನ್ನು ಇತರರಿಗೂ ಸಿಗುವಂತೆ ಕಾಪಾಡಿಡುವ ಡಿಜಿಟಲ್ ಭಂಡಾರವೊಂದರಲ್ಲಿ ಇಡಬೇಕು ಎಂದು ಸಂಶೋಧನಾ ಪತ್ರಿಕೆಯವರು ಕೇಳಿದ್ದರು. ಅಂದಿನಿಂದ ಸುಧಾ ನಸುಕಿನ 3 ಗಂಟೆಗೆ ಎದ್ದು ಕಡತ ತೆರೆದು ನೋಡುತ್ತಿದ್ದರು. ಏಳು ಪೆನ್‌ಡ್ರೈವ್‌ಗಳಲ್ಲಿ ಪ್ರತಿ ಮಾಡಿಟ್ಟಿದ್ದರು; ಒಂದು ಅಡಿಕೆ ಚೀಲದ ಕೋಣೆಯ ಕಪಾಟಿನಲ್ಲಿತ್ತು. ಸಂಶೋಧನೆಯ ಗೈಡ್ ಫೋನ್ ಮಾಡಿದರೆ ಎದೆ ಬಡಿತ ಏರುತ್ತಿತ್ತು.

ಮೊದಲ ಭೇಟಿಯಲ್ಲಿ ನಾನು ಇದನ್ನು ಅತಿಯಾದ ಆತಂಕ ಎಂದೇ ತಿಳಿದೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ರಾತ್ರಿ ಕಡತ ತೆರೆಯುವುದನ್ನು ವಾರಕ್ಕಿಷ್ಟು ಎಂದು ಕಡಿಮೆ ಮಾಡಲು ಹೇಳಿದೆ. ಅಷ್ಟು ಸಾಲಲಿಲ್ಲ. ಎರಡನೆಯ ಭೇಟಿಯಲ್ಲಿ ಅವರು ಹೇಳಿದ ಮಾತು ನನ್ನ ಅಂದಾಜನ್ನು ಬದಲಿಸಿತು. ಅವರ ಹಿರಿಯ ಸಹೋದ್ಯೋಗಿಯೊಬ್ಬರ ದತ್ತಾಂಶ ಒಂದು ಯೋಜನೆಯ ಜಾಲತಾಣದಲ್ಲಿತ್ತು. ಯೋಜನೆ ಮುಗಿಯಿತು, ಹಣ ನಿಂತಿತು, ತಾಣ ಮುಚ್ಚಿತು. ಯಾರನ್ನು ಕೇಳಬೇಕೆಂದೂ ಗೊತ್ತಾಗಲಿಲ್ಲ. ಕಣ್ಣೆದುರೇ ಹೀಗಾದಾಗ ಹೆದರುವವರನ್ನು ರೋಗಿ ಎನ್ನಲಾಗದು.

ಹಾಗಾಗಿ ನಾನೂ ಸ್ವಲ್ಪ ಓದಿಕೊಂಡೆ. ಎಲ್ಲ ಭಂಡಾರಗಳೂ ಒಂದೇ ಅಲ್ಲ. ನಂಬಬಹುದಾದ ಭಂಡಾರಗಳಿಗೆ ಕೊಡುವ ಕೋರ್‌ಟ್ರಸ್ಟ್‌ಸೀಲ್ ಎಂಬ ಪ್ರಮಾಣೀಕರಣಕ್ಕೆ 16 ಷರತ್ತುಗಳಿವೆ. ಸಂಸ್ಥೆ ನಾಳೆ ಮುಚ್ಚಿದರೆ ದತ್ತಾಂಶದ ಗತಿ ಏನು ಎಂಬುದಕ್ಕೂ ಅಲ್ಲಿ ಉತ್ತರ ಕೊಡಬೇಕು. 2013ರಲ್ಲಿ ಆರಂಭವಾದ ಜೆನೊಡೊ ಎಂಬ ಭಂಡಾರವನ್ನು ಸ್ವಿಟ್ಜರ್ಲೆಂಡಿನ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ನಡೆಸುತ್ತದೆ. ಅಲ್ಲಿ ಪ್ರತಿ ಸಂಗ್ರಹಕ್ಕೂ ಡಿಒಐ ಎಂಬ ಶಾಶ್ವತ ಸಂಖ್ಯೆ ಸಿಗುತ್ತದೆ, ಯಾರು ಯಾವಾಗ ಇಟ್ಟರು ಎಂಬುದು ದಾಖಲಾಗುತ್ತದೆ. ತಪ್ಪು ಕಂಡರೆ ಹೊಸ ಆವೃತ್ತಿ ಸೇರಿಸಬಹುದು, ಹಳೆಯದೂ ಉಳಿಯುತ್ತದೆ. "ಯಾರಾದರೂ ನನ್ನ ಕೆಲಸ ಕದ್ದರೆ?" ಎಂದು ಸುಧಾ ಕೇಳಿದ್ದರು. ತಾರೀಖು ಹಾಕಿ ಹೆಸರಿನಲ್ಲಿ ದಾಖಲಾದ ಕೆಲಸಕ್ಕೆ ಕಪಾಟಿನ ಪೆನ್‌ಡ್ರೈವ್‌ಗಿಂತ ಹೆಚ್ಚು ರಕ್ಷಣೆ ಇದೆ ಎಂದೆ. ಈ ಮಾತು ಅವರಿಗೆ ಹಿಡಿಸಿತು. ಆದರೂ ನಿದ್ದೆ ಬರಲಿಲ್ಲ.

ಮೂರನೆಯ ಭೇಟಿಯಲ್ಲಿ ಕೇಳಿದೆ: "ಆ ಕಡತದ ಯಾವ ಸಾಲನ್ನು ನೋಡಲು ನೀವು ರಾತ್ರಿ ಏಳುತ್ತೀರಿ?"

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಳುತ್ತ ಹೇಳಿದರು. ಒಬ್ಬ ಅಜ್ಜ ಅವರನ್ನು ಎರಡು ಗಂಟೆ ನಡೆಸಿ ಒಂದು ಮರ ತೋರಿಸಿದ್ದರಂತೆ. "ತಂಗೀ, ಜಾಗ ಮಾತ್ರ ಯಾರಿಗೂ ಹೇಳಬೇಡ. ಕೊಂಬೆ ಕಡಿದು ಮಿಡಿ ಇಳಿಸುವವರು ಬರುತ್ತಾರೆ," ಎಂದಿದ್ದರು. ಸುಧಾ ಮಾತು ಕೊಟ್ಟಿದ್ದರು. ಆ ಮರದ ಅಕ್ಷಾಂಶ, ರೇಖಾಂಶ ಕಡತದ ಸಾಲೊಂದರಲ್ಲಿತ್ತು.

ಆಗ ನನಗೆ ಅರ್ಥವಾಯಿತು. ಅವರಿಗೆ ಭಂಡಾರದ ಮೇಲಿದ್ದ ಅನುಮಾನಕ್ಕಿಂತ, ಭಂಡಾರಕ್ಕೆ ಕೊಟ್ಟು ತಾನೇ ಮಾತು ತಪ್ಪುತ್ತೇನೆಂಬ ಭಯ ದೊಡ್ಡದಿತ್ತು. ಇದನ್ನು ಉಸಿರಾಟದ ಅಭ್ಯಾಸದಿಂದ ಕರಗಿಸಲು ಹೋಗಿದ್ದು ನನ್ನ ತಪ್ಪು. ಆ ಭಯ ಅವರ ಒಳ್ಳೆಯತನದಿಂದ ಬಂದದ್ದು, ಅದನ್ನು ಗೌರವಿಸಬೇಕಿತ್ತು.

ಕೊಟ್ಟ ಸಲಹೆ ಹೀಗಿತ್ತು. ತಪ್ಪಾದ ಅಳತೆಯನ್ನು ಹೊಸ ಆವೃತ್ತಿಯಲ್ಲಿ ತಿದ್ದಬಹುದು. ಒಮ್ಮೆ ತೆರೆದಿಟ್ಟ ಜಾಗದ ಗುರುತನ್ನು ಇಳಿಸಿಕೊಂಡವರಿಂದ ಮರಳಿ ಪಡೆಯಲಾಗದು, ಸೊನೆ ಹತ್ತಿದ ಬಟ್ಟೆಯ ಹಾಗೆ. ಆದ್ದರಿಂದ ಅಪ್‌ಲೋಡ್ ಮಾಡುವ ಮೊದಲೇ ಗುರುತನ್ನು ಮಸುಕುಗೊಳಿಸಿ ಎಂದೆ. ಅಪಾಯದಲ್ಲಿರುವ ಜೀವಿಗಳ ನೆಲೆಯನ್ನು ಹೀಗೆ ಮಸುಕುಗೊಳಿಸುವುದು ಜೀವವೈವಿಧ್ಯ ದತ್ತಾಂಶದಲ್ಲಿ ರೂಢಿಯಲ್ಲಿರುವ ಕ್ರಮವೇ. ಅಕ್ಷಾಂಶವನ್ನು ದಶಮಾಂಶದ ನಂತರ ಒಂದೇ ಅಂಕಿಗೆ ಇಳಿಸಿದರೆ ಸುಮಾರು 11 ಕಿಲೋಮೀಟರ್ ಅಗಲದ ಪಟ್ಟಿ ಮಾತ್ರ ಕಾಣುತ್ತದೆ. ರೇಖಾಂಶವನ್ನೂ ಹಾಗೆಯೇ ಇಳಿಸಿದರೆ ಅದು ಹೆಚ್ಚುಕಡಿಮೆ ಚೌಕವಾಗುತ್ತದೆ, ಒಂದು ಮರ ಅದರೊಳಗೆ ಅಡಗುತ್ತದೆ. ನಿಖರ ಗುರುತಿರುವ ಕಡತವನ್ನು ಕೇಳಿದವರಿಗೆ ಪರಿಶೀಲಿಸಿ ಕೊಡುವಂತೆ ನಿರ್ಬಂಧಿಸಿ ಇಡಬಹುದು. ಗುರುತು ಏಕೆ ಮಸುಕಾಗಿದೆ ಎಂದು ವಿವರಣೆಯಲ್ಲಿ ಬರೆಯಬೇಕು, ಮುಚ್ಚಿಡಬಾರದು. ಗೈಡ್‌ಗೂ ಇದನ್ನೇ ನೇರವಾಗಿ ತಿಳಿಸಲು ಹೇಳಿದೆ. ಆ ಮಾತುಕತೆಯನ್ನು ಇಲ್ಲಿಯೇ ಎರಡು ಸಲ ಅಭ್ಯಾಸ ಮಾಡಿದೆವು.

ಎಲ್ಲಕ್ಕಿಂತ ಮೊದಲು ಅಜ್ಜನ ಬಳಿ ಹೋಗಿ ಬನ್ನಿ ಎಂದೆ. ಮಸುಕಾದ ನಕ್ಷೆಯನ್ನು ಕಾಗದದ ಮೇಲೆ ತೋರಿಸಿ, ಅವರೇ ಹೇಳಲಿ.

ಸುಧಾ ಹೋಗಿ ಬಂದರು. ಅಜ್ಜ ಕನ್ನಡಕ ಹಾಕಿಕೊಂಡು ನಕ್ಷೆ ನೋಡಿ, ಇಷ್ಟು ದೊಡ್ಡ ಚೌಕದಲ್ಲಿ ನನ್ನ ಮನೆಯೇ ಕಾಣುವುದಿಲ್ಲವಲ್ಲ ಎಂದರಂತೆ. ಮಿಡಿಯ ಪರಿಮಳ ಬರೆ, ಹಳ್ಳದ ಹೆಸರು ಬೇಡ ಎಂದರಂತೆ. ವಿವರಣೆಯಿಂದ ಹಳ್ಳದ ಹೆಸರು ಹೋಯಿತು. ಗೈಡ್ ಮೊದಲು ಬೇಸರಗೊಂಡರು, ನಂತರ ಒಪ್ಪಿದರು.

ದತ್ತಾಂಶ ಈಗ ಭಂಡಾರದಲ್ಲಿದೆ. ಪೆನ್‌ಡ್ರೈವ್‌ಗಳು ಎರಡಕ್ಕೆ ಇಳಿದಿವೆ. ವಾರದಲ್ಲಿ ಒಂದೆರಡು ರಾತ್ರಿ ಇನ್ನೂ ಎಚ್ಚರವಾಗುತ್ತದೆ, ಆದರೆ ಕಡತ ತೆರೆಯುವುದಿಲ್ಲ ಎನ್ನುತ್ತಾರೆ. ಮುಂದಿನ ಭೇಟಿ ಮಿಡಿ ಕೊಯ್ಲು ಮುಗಿದ ಮೇಲೆ.