ಮೂರು ಸಹಿಗಳ ಅರ್ಜಿ

“ವಿದೇಶಿ ಸರಕು ನುಗ್ಗಿ ಕಾರ್ಖಾನೆ ಮುಚ್ಚಿದರೆ ಅಮೆರಿಕದಲ್ಲಿ ಸರ್ಕಾರವೇ ಕಾರ್ಮಿಕರಿಗೆ ಎರಡು ವರ್ಷ ಹಣ ಕೊಡುತ್ತದಂತೆ. 2011ರಲ್ಲಿ ಚೀನಾ ರೇಷ್ಮೆ ಬಂದಾಗ ನಮ್ಮ ತಂದೆ ದುಡಿಯುತ್ತಿದ್ದ ಫಿಲೇಚರ್ (ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಘಟಕ) ಮುಚ್ಚಿತು. ಒಂಬತ್ತು ವರ್ಷದ ದುಡಿಮೆಗೆ ಕೈಗೆ ಬಂದದ್ದು ಆ ವಾರದ ಕೂಲಿ ಮಾತ್ರ. ನಮ್ಮಲ್ಲೇಕೆ ಅಂಥ ಯೋಜನೆ ಇಲ್ಲ?”
– ಓದುಗರೊಬ್ಬರು, ರಾಮನಗರ

ಮಾನ್ಯರೇ,

‘ಕೊಡುತ್ತದಂತೆ’ ಎಂದು ಬರೆದಿದ್ದೀರಿ. ‘ಕೊಡುತ್ತಿತ್ತು’ ಎಂದು ತಿದ್ದಿಕೊಳ್ಳಿ. ‘ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್’ ಎಂಬ ಆ ಯೋಜನೆಯ ಅವಧಿ ತೀರಿ, 2022ರ ಜುಲೈ 1ಕ್ಕೆ ಹೊಸ ಅರ್ಜಿಗಳಿಗೆ ಬಾಗಿಲು ಮುಚ್ಚಿತು. ಅದಾಗಲೇ ಮಂಜೂರಾಗಿದ್ದವರಿಗಷ್ಟೇ ಸೌಲಭ್ಯ ಉಳಿಯಿತು.

ಅದು ಹುಟ್ಟಿದ್ದು 1962ರಲ್ಲಿ, ಕೆನಡಿಯವರ ಕಾಲದಲ್ಲಿ. ಆಮದು ಸುಂಕ ಇಳಿಸಿದರೆ ದೇಶಕ್ಕೆಲ್ಲ ಲಾಭ, ಆದರೆ ಪೆಟ್ಟು ಬೀಳುವುದು ಕೆಲವೇ ಊರುಗಳಿಗೆ. ಲಾಭ ಉಂಡವರು ಪೆಟ್ಟು ತಿಂದವರಿಗೆ ಒಂದಿಷ್ಟು ಕೊಡಬೇಕು ಎಂಬುದು ಲೆಕ್ಕ. ದಾನವಲ್ಲ, ಪರಿಹಾರ. ಹೇಳಲು ಚೆನ್ನಾಗಿತ್ತು. ನಷ್ಟಕ್ಕೆ ಸುಂಕ ಇಳಿಕೆಯೇ ಮುಖ್ಯ ಕಾರಣವೆಂದು ತೋರಿಸಬೇಕಾಗಿದ್ದರಿಂದ 1969ರವರೆಗೆ ಒಂದೇ ಒಂದು ಅರ್ಜಿಯೂ ಮಂಜೂರಾಗಲಿಲ್ಲ! 1974ರ ಕಾನೂನು ಈ ಬಿಗಿಯನ್ನು ಸಡಿಲಿಸಿತು. ಅಲ್ಲಿನ ಕಾರ್ಮಿಕ ಸಂಘಗಳವರು ಇದನ್ನು ‘ಶವಸಂಸ್ಕಾರದ ವಿಮೆ’ ಎಂದು ಹಂಗಿಸುತ್ತಿದ್ದರು.

ನನಗೆ ಹಿಡಿಸಿದ್ದು ಅರ್ಜಿಯ ಕ್ರಮ. ಒಂದೇ ಕಾರ್ಖಾನೆಯ ಮೂವರು ಕಾರ್ಮಿಕರು ಸಹಿ ಹಾಕಿದರೆ ಸಾಕಿತ್ತು. ಮಾಲೀಕನ ಒಪ್ಪಿಗೆ ಬೇಕಿರಲಿಲ್ಲ. ಕಾರ್ಮಿಕ ಇಲಾಖೆಯ ತನಿಖಾಧಿಕಾರಿ ಕಂಪನಿಯ ಲೆಕ್ಕ ನೋಡುವುದಲ್ಲದೆ, ಅದರ ಗಿರಾಕಿಗಳನ್ನೂ ಕೇಳುತ್ತಿದ್ದ: ಇವರಲ್ಲಿ ಕೊಳ್ಳುವುದು ಬಿಟ್ಟು ವಿದೇಶದ ಮಾಲು ತರಿಸಿದಿರಾ? ಹೌದೆಂದು ಸಾಬೀತಾದರೆ ಆ ಕಾರ್ಖಾನೆಯಿಂದ ಕೆಲಸ ಕಳೆದುಕೊಂಡವರಿಗೆಲ್ಲ ಅರ್ಹತೆ. ಹೊಸ ಕಸುಬು ಕಲಿಯಲು ಶುಲ್ಕ; ನಿರುದ್ಯೋಗ ವಿಮೆ ಮುಗಿದ ಮೇಲೂ ಕಲಿಯುತ್ತಿರುವವರಿಗೆ ವಾರದ ಭತ್ಯೆ, ಎರಡೂ ಸೇರಿ ಹೆಚ್ಚೆಂದರೆ 130 ವಾರ. ಐವತ್ತು ದಾಟಿದವರು ಕಡಿಮೆ ಸಂಬಳದ ಕೆಲಸ ಹಿಡಿದರೆ, ಹಳೆಯ ಹೊಸ ಸಂಬಳಗಳ ಅಂತರದ ಅರ್ಧವನ್ನು ಸರ್ಕಾರ ಎರಡು ವರ್ಷ, ಒಂದು ಮಿತಿಯೊಳಗೆ, ತುಂಬಿಕೊಡುತ್ತಿತ್ತು. ಇಡೀ ಯೋಜನೆಯಲ್ಲಿ ನನಗೆ ಬುದ್ಧಿವಂತಿಕೆಯದಾಗಿ ಕಾಣುವುದು ಈ ಕೊನೆಯದೇ. ಐವತ್ತೈದರ ನೇಕಾರನನ್ನು ಕಂಪ್ಯೂಟರ್ ತರಗತಿಯಲ್ಲಿ ಕೂರಿಸುವುದಕ್ಕಿಂತ, ಸಿಕ್ಕ ಕೆಲಸದಲ್ಲೇ ಮರ್ಯಾದೆಯಾಗಿ ಬದುಕಲು ಬಿಡುವುದು ಲೇಸು.

ತರಗತಿಯ ಮಾತು ಸುಮ್ಮನೆ ತೆಗೆಯಲಿಲ್ಲ. ಉತ್ತರ ಕ್ಯಾರೊಲೈನಾದಲ್ಲಿ ಕನ್ನಾಪೊಲಿಸ್ ಎಂಬ ಊರಿದೆ (ಹೆಸರಿಗೆ ಕನ್ನಡದ ವಾಸನೆಯಿದ್ದರೂ ನಂಟೇನಿಲ್ಲ). ಕ್ಯಾನನ್ ಮನೆತನದ ಟವೆಲ್ ಗಿರಣಿಯ ಸುತ್ತ ಬೆಳೆದ ಊರದು. ಮನೆಗಳೂ ಬಹುಕಾಲ ಗಿರಣಿಯವೇ. 2003ರ ಜುಲೈ 30ರಂದು, ಆಗ ಪಿಲ್ಲೊಟೆಕ್ಸ್ ಎಂಬ ಹೆಸರಿದ್ದ ಕಂಪನಿ ದಿವಾಳಿಯೆದ್ದಿತು. ಆ ರಾಜ್ಯವೊಂದರಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಈ ಯೋಜನೆಯ ಹಣದಲ್ಲಿ ಸ್ಥಳೀಯ ಕಾಲೇಜಿಗೆ ಸೇರಿದವರಲ್ಲಿ ಬಹಳ ಮಂದಿ ಹೈಸ್ಕೂಲನ್ನೂ ಮುಗಿಸಿರದವರು. ಮೊದಲು ಆ ಪರೀಕ್ಷೆಗೆ ಓದಬೇಕಾಯಿತು. ಗಿರಣಿ ಕೆಡವಿದ ಜಾಗದಲ್ಲಿ ಮುಂದೆ ಜೈವಿಕ ಸಂಶೋಧನಾ ಕೇಂದ್ರವೇನೋ ಎದ್ದಿತು. ಆದರೆ ಅದಕ್ಕೆ ಬೇಕಾದದ್ದು ಪದವೀಧರರು.

ತರಬೇತಿಯಿಂದ ಉಪಯೋಗವಾಯಿತೇ ಎಂದರೆ ಅರ್ಥಶಾಸ್ತ್ರಜ್ಞರಲ್ಲೇ ಜಗಳವಿದೆ. ಯೋಜನೆಯೇಕೆ ನಿಂತಿತು ಎಂಬುದರಲ್ಲಿ ನನಗಂತೂ ಗೊಂದಲವಿಲ್ಲ. 1974, 1993, 2002, 2015: ವಾಣಿಜ್ಯ ಒಪ್ಪಂದಗಳಿಗೆ ಸಂಸತ್ತಿನ ಮತ ಬೇಕಾದಾಗಲೆಲ್ಲ ಇದಕ್ಕೆ ಜೀವ ಬರುತ್ತಿತ್ತು. ಅಂಥ ಒಪ್ಪಂದಗಳೇ ಬೇಡವಾದ ಮೇಲೆ ಇದಕ್ಕೂ ಸಾಕಷ್ಟು ಮತ ಕೂಡಿಬರಲಿಲ್ಲ.

ಈಗ ನಿಮ್ಮ ತಂದೆಯವರ ವಿಷಯ. 2011ರ ಬಜೆಟ್ ಕಚ್ಚಾ ರೇಷ್ಮೆಯ ಸುಂಕವನ್ನು ಶೇ 30ರಿಂದ ಒಮ್ಮೆಗೇ ಶೇ 5ಕ್ಕೆ ಇಳಿಸಿತು. 2013ರಲ್ಲಿ ಅದನ್ನು ಶೇ 15ಕ್ಕೆ ಏರಿಸಲಾಯಿತು. ಅಗ್ಗದ ನೂಲು ನೇಕಾರರಿಗೆ ಬೇಕಿತ್ತು, ಅದನ್ನು ತಪ್ಪೆನ್ನಲಾರೆ. ಗೂಡಿನ ಬೆಲೆ ಕುಸಿದಾಗ ಬೆಳೆಗಾರರು ಬೀದಿಗಿಳಿದರು, ಸುದ್ದಿಯಾದರು. ಬಿಸಿನೀರಿನ ಬೇಸಿನ್ ಮುಂದೆ ಕೂತು ನೂಲು ತೆಗೆಯುವವರ ಸುದ್ದಿ ಬರಲಿಲ್ಲ. ಆ ದಿನಗಳಲ್ಲಿ ನಿಮ್ಮೂರಿನ ಒಂದು ಫಿಲೇಚರಿಗೆ ಹೋಗಿದ್ದೆ. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕುತ್ತಿದ್ದ ಹೆಂಗಸಿನ ಬೆರಳ ತುದಿಗಳು ಬಿಳಿಚಿ, ನೆನೆದ ಕಾಗದದಂತೆ ಸುಕ್ಕುಗಟ್ಟಿದ್ದವು. ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು ಕೇಳಿದರೆ, “ಮಗಳು ಹುಟ್ಟೋಕೆ ಮುಂಚಿಂದ” ಎಂದರು. ಅವರ ಹೆಸರಿದ್ದ ಪುಸ್ತಕ ಅಲ್ಲಿ ಒಂದೇ: ಮಾಲೀಕ ಕೊಟ್ಟ ಮುಂಗಡದ ಲೆಕ್ಕದ್ದು.

ಆಮದಿನಿಂದ ಕೆಲಸ ಹೋದವರಿಗೆಂದೇ ಮೀಸಲಾದ ಯೋಜನೆ ನಮ್ಮಲ್ಲಿಲ್ಲ, ನಿಜ. ಆದರೆ ಏನೂ ಇಲ್ಲವೆನ್ನುವಂತಿಲ್ಲ. ಒಂದು ವರ್ಷ ಎಡೆಬಿಡದೆ ದುಡಿದವರಿಗೆ, ಕಾರ್ಖಾನೆ ಮುಚ್ಚಿದಾಗ ವರ್ಷಕ್ಕೆ 15 ದಿನದ ವೇತನದಂತೆ ಪರಿಹಾರ ಕೊಡಬೇಕೆಂಬ ಕಾನೂನು ಆಗಲೂ ಇತ್ತು. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಚಂದಾದಾರರಿಗೆ 2018ರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಡಿ ಗರಿಷ್ಠ 90 ದಿನಗಳ ನಿರುದ್ಯೋಗ ಭತ್ಯೆಯೂ ಬಂದಿತು. ಒಂಬತ್ತು ವರ್ಷಕ್ಕೆ 135 ದಿನಗಳ ವೇತನ ನಿಮ್ಮ ತಂದೆಯವರಿಗೆ ಬರಬೇಕಿತ್ತು. ಅದನ್ನು ಕೇಳಲು ಬೇಕಾಗಿದ್ದುದು ಅವರು ಅಲ್ಲಿ ದುಡಿದಿದ್ದರೆಂಬ ಒಂದು ಗುರುತು. ಕನ್ನಾಪೊಲಿಸ್‌ನವರ ಹೆಸರು ಗಿರಣಿಯ ಪಟ್ಟಿಯಲ್ಲಿತ್ತು. ನಾಳೆಯೇ ದೆಹಲಿಯವರು ಅಮೆರಿಕದ ಯೋಜನೆಯನ್ನು ಹಾಗೆಯೇ ಇಲ್ಲಿಗೆ ತಂದರೂ, ಆ ಫಿಲೇಚರಿನಿಂದ ಅರ್ಜಿಗೆ ಸಹಿ ಹಾಕಬಲ್ಲ ಮೂವರನ್ನು ಎಲ್ಲಿಂದ ತರುವುದು?

ನಿಮ್ಮ ತಂದೆಯವರ ಬಳಿ ಹಾಜರಿ ಚೀಟಿ, ಪಿಎಫ್ ರಸೀದಿ, ಏನಾದರೂ ಉಳಿದಿದೆಯೇ? ಇದ್ದರೆ ಪ್ರತಿ ಕಳುಹಿಸಿ. ಕಾರ್ಮಿಕ ಕಾನೂನು ಬಲ್ಲ ವಕೀಲರೊಬ್ಬರಿಗೆ ತೋರಿಸುತ್ತೇನೆ.

– ಸಂಪಾದಕ