ಹೆಲ್ಮೆಟ್ ಹಾಕಿದ ಮೇಲೆ ಅವರು ಬರೀ ಪಿ.ಎಲ್. ನ್ಯೂಮನ್

ಹೋದ ಸಂಚಿಕೆಯಲ್ಲಿ ಹಾಲಿವುಡ್ ನಟ ಪಾಲ್ ನ್ಯೂಮನ್ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ‘ಕ್ಯಾಮೆರಾ ಮುಂದೆ ನಿಂತಾಗಿನದಕ್ಕಿಂತ ರೇಸ್ ಕಾರಿನಲ್ಲಿ ಕೂತಾಗ ಜಾಸ್ತಿ ಖುಷಿಯಾಗಿದ್ದ ಮನುಷ್ಯ’ ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅವರು ತೀರಿಕೊಂಡಿದ್ದು 2008ರಲ್ಲಿ. ಇಷ್ಟು ವರ್ಷವಾದರೂ ಅವರನ್ನು ನೆನೆಯುವವರು ಇಷ್ಟೊಂದು ಜನ ಇದ್ದಾರಲ್ಲ, ಓದಿ ಮನಸ್ಸು ತುಂಬಿತು. ಈ ಸಲದ ಪುಟ ಪೂರ್ತಿ ಅವರಿಗೇ.

ಪ್ರಶ್ನೆ: ನಮ್ಮ ತಂದೆ ನ್ಯೂಮನ್ ಅವರ ದೊಡ್ಡ ಅಭಿಮಾನಿ. ಆದರೆ ಆ ರೇಸ್ ಎಲ್ಲ ಸಿನಿಮಾ ಪ್ರಚಾರಕ್ಕೆ ಮಾಡಿದ್ದು ಅಂತ ಅವರು ಹೇಳುತ್ತಿದ್ದರು. ನಿಜವೇ?

ಉತ್ತರ: ತಂದೆಯವರ ಮಾತನ್ನು ತಳ್ಳಿಹಾಕಲು ಮನಸ್ಸಿಲ್ಲ. ಯಾಕೆಂದರೆ ಶುರುವಾಗಿದ್ದು ಸಿನಿಮಾದಿಂದಲೇ. 1969ರಲ್ಲಿ ಬಂದ ‘ವಿನ್ನಿಂಗ್’ ಚಿತ್ರದಲ್ಲಿ ಅವರದು ರೇಸ್ ಚಾಲಕನ ಪಾತ್ರ. ಅದಕ್ಕಾಗಿ ಬಾಬ್ ಬಾಂಡುರಂಟ್ ಅವರ ರೇಸ್ ಶಾಲೆಗೆ ಹೋಗಿ ರೇಸ್ ಕಾರು ಓಡಿಸುವುದನ್ನು ಕಲಿತರು. ಆಗ ಅವರಿಗೆ 43. ಚಿತ್ರ ಮುಗಿಯಿತು, ಹುಚ್ಚು ಮಾತ್ರ ಹೋಗಲಿಲ್ಲ.

ಇದು ಪ್ರಚಾರ ಅಲ್ಲ ಅಂತ ನಾನು ಹೇಳುವುದು ಆಮೇಲೆ ನಡೆದದ್ದನ್ನು ನೋಡಿ. 1972ರಲ್ಲಿ ಕನೆಕ್ಟಿಕಟ್ ರಾಜ್ಯದ ಥಾಂಪ್ಸನ್ ಎಂಬಲ್ಲಿ ಮೊದಲ ರೇಸಿಗೆ ಇಳಿದಾಗ ಅವರ ವಯಸ್ಸು 47. ಬೇರೆಯವರು ಹೆಲ್ಮೆಟ್ ಕಳಚಿಡುವ ವಯಸ್ಸು ಅದು. ರೇಸಿನಲ್ಲಿ ಅವರು ಕೊಡುತ್ತಿದ್ದ ಹೆಸರು ‘ಪಿ.ಎಲ್. ನ್ಯೂಮನ್’. ಪಾಲ್ ಲಿಯೊನಾರ್ಡ್ ನ್ಯೂಮನ್ ಅನ್ನೋದರ ಮೊದಲ ಅಕ್ಷರಗಳು. ಪ್ರಚಾರ ಬೇಕಾದವರು ಹೆಸರನ್ನು ಹೀಗೆ ಮುಚ್ಚಿಡುತ್ತಾರಾ?

ಇನ್ನೊಂದು ಮಾತು. ಅವರು ಹುಟ್ಟಾ ರೇಸ್ ಚಾಲಕ ಆಗಿರಲಿಲ್ಲ. ಯಾವ ಆಟದಲ್ಲೂ ತನಗೆ ಒಂದು ಚೆಂದ, ಒಂದು ಹಿಡಿತ ಬರಲಿಲ್ಲ, ಬಂದಿದ್ದು ರೇಸಿನಲ್ಲಿ ಮಾತ್ರ, ಅದಕ್ಕೂ ಹತ್ತು ವರ್ಷ ಹಿಡಿಯಿತು ಅಂತ ಅವರೇ ಹೇಳಿಕೊಂಡಿದ್ದರು. ಮೊದಮೊದಲು ಸಣ್ಣ ಡಾಟ್ಸನ್ ಕಾರುಗಳನ್ನು ಓಡಿಸಿ ಕೈ ಪಳಗಿಸಿಕೊಂಡರು. 1976ರಲ್ಲಿ ಟ್ರಯಂಫ್ ಟಿಆರ್6 ಕಾರಿನಲ್ಲಿ ಅಮೆರಿಕದ ಹವ್ಯಾಸಿ ಚಾಲಕರ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಅದೇ ಪ್ರಶಸ್ತಿಯನ್ನು ಮತ್ತೆ 1979, 1985, 1986ರಲ್ಲೂ ಗೆದ್ದರು. ವೃತ್ತಿಪರರ ಟ್ರಾನ್ಸ್-ಆ್ಯಮ್ ಸರಣಿಯಲ್ಲಿ ಎರಡು ರೇಸ್ ಗೆದ್ದಿದ್ದಾರೆ. ಒಂದು 1982ರಲ್ಲಿ, ಇನ್ನೊಂದು 1986ರಲ್ಲಿ. ಗಡಿಯಾರ ನಟನ ನೀಲಿ ಕಣ್ಣು ನೋಡಿ ಒಂದು ಸೆಕೆಂಡನ್ನೂ ಬಿಟ್ಟುಕೊಡುವುದಿಲ್ಲ. ತಂದೆಯವರಿಗೆ ಇಷ್ಟನ್ನು ಹೇಳಿ.

ಪ್ರಶ್ನೆ: ಲೆ ಮಾನ್ಸ್ ರೇಸಿನಲ್ಲಿ ಅವರು ಗೆಲ್ಲಬೇಕಿತ್ತು, ಒಂದು ನಟ್ಟಿನಿಂದ ಸೋತರು ಅಂತ ಎಲ್ಲೋ ಓದಿದ ನೆನಪು. ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ: ಹೇಳದೆ ಇರುತ್ತೇನೆಯೇ! ನನ್ನ ಮೇಜಿನ ಗಾಜಿನ ಕೆಳಗೆ ಆ ರೇಸಿನ ಚಿತ್ರವೊಂದಿದೆ. ಯಾವುದೋ ಹಳೇ ಪತ್ರಿಕೆಯಿಂದ ಕತ್ತರಿಸಿಟ್ಟದ್ದು, ಅಂಚೆಲ್ಲ ಹಳದಿಯಾಗಿದೆ.

1979ರ ಜೂನ್. ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ಹಗಲೂ ರಾತ್ರಿ ಸೇರಿ 24 ಗಂಟೆ ನಡೆಯುವ ರೇಸ್. ಒಂದು ಸುತ್ತು ಸುಮಾರು 13.6 ಕಿಲೊಮೀಟರ್. ಒಬ್ಬರಿಂದ ಆಗುವ ಕೆಲಸ ಅಲ್ಲ, ಸರದಿಯಲ್ಲಿ ಓಡಿಸುತ್ತಾರೆ. ನ್ಯೂಮನ್ ಜೊತೆಗಿದ್ದವರು ಜರ್ಮನಿಯ ರಾಲ್ಫ್ ಸ್ಟೊಮೆಲೆನ್ ಮತ್ತು ತಂಡದ ಮಾಲೀಕ ಡಿಕ್ ಬಾರ್ಬರ್. ಕಾರು ಪೋರ್ಷೆ 935. ಆ ವರ್ಷ ಮಳೆ ಬೇರೆ. ಒದ್ದೆ ರಸ್ತೆಯಲ್ಲಿ, ಕತ್ತಲಲ್ಲಿ, ಮುಂದಿನ ಕಾರು ಎರಚುವ ನೀರಿನ ನಡುವೆ ಅಂಥ ಕಾರನ್ನು ಹಿಡಿದಿಡುವುದು 54ರ ಮನುಷ್ಯನಿಗೆ ಎಷ್ಟು ಕಷ್ಟ, ನೀವೇ ಯೋಚಿಸಿ.

ಭಾನುವಾರ ಬೆಳಿಗ್ಗೆ ತುಂಬಾ ಮುಂದಿದ್ದ ಕಾರು ಕೆಟ್ಟು ರಸ್ತೆ ಬದಿಯಲ್ಲಿ ನಿಂತುಬಿಟ್ಟಿತು. ಅದನ್ನು ಓಡಿಸುತ್ತಿದ್ದ ಡಾನ್ ವಿಟಿಂಗ್ಟನ್ ತಾನೇ ಇಳಿದು ರಿಪೇರಿ ಮಾಡಬೇಕಾಯಿತು. ಅಷ್ಟರಲ್ಲಿ ನ್ಯೂಮನ್ ಅವರ ಕಾರು ಅಂತರವನ್ನು ತಿನ್ನುತ್ತಾ ತಿನ್ನುತ್ತಾ ಹತ್ತಿರ ಬಂತು. ಇನ್ನೇನು ಅನ್ನುವಾಗ ಪಿಟ್‌ನಲ್ಲಿ, ಅಂದರೆ ಟ್ರ್ಯಾಕ್ ಪಕ್ಕದ ರಿಪೇರಿ ಜಾಗದಲ್ಲಿ, ಒಂದು ಚಕ್ರದ ನಟ್ಟು ಕಚ್ಚಿಕೊಂಡಿತು. ಮೆಕ್ಯಾನಿಕ್‌ಗಳು ಎಷ್ಟು ಒದ್ದಾಡಿದರೂ ಅದು ಜಪ್ಪಯ್ಯ ಅನ್ನಲಿಲ್ಲ. ಒಂದು ನಿಮಿಷದಲ್ಲಿ ಮುಗಿಯಬೇಕಾದ ಕೆಲಸಕ್ಕೆ ನಿಮಿಷದ ಮೇಲೆ ನಿಮಿಷ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕೊನೆಗೆ ಏಳು ಸುತ್ತು ಹಿಂದೆ, ಎರಡನೇ ಸ್ಥಾನ.

ಆ ಎರಡನೇ ಸ್ಥಾನ ನನಗೆ ಅವರ ಆಸ್ಕರ್‌ಗಿಂತ ದೊಡ್ಡದು. ಆದರೆ ಅವರು ಲೆ ಮಾನ್ಸ್‌ಗೆ ಮತ್ತೆ ಹೋಗಲಿಲ್ಲ. ಛಾಯಾಗ್ರಾಹಕರ ನೂಕುನುಗ್ಗಲು ಅವರಿಗೆ ಹಿಡಿಸಲಿಲ್ಲ. ಕಾರು ಓಡಿಸಲು ಬಂದವರ ಮುಖಕ್ಕೆ ಹೊತ್ತಿಲ್ಲ ಗೊತ್ತಿಲ್ಲ ಕ್ಯಾಮೆರಾ ಹಿಡಿದರೆ ಯಾರಿಗೆ ತಾನೇ ಬೇಸರ ಆಗುವುದಿಲ್ಲ, ಅಲ್ವಾ?

ಪ್ರಶ್ನೆ: ಹಾಲಿವುಡ್‌ನ ಇನ್ನೊಬ್ಬ ನಟ ಸ್ಟೀವ್ ಮೆಕ್ವೀನ್ ಮತ್ತು ನ್ಯೂಮನ್, ಇಬ್ಬರಲ್ಲಿ ಯಾರು ಒಳ್ಳೆಯ ಚಾಲಕ? ನಮ್ಮ ಮನೆಯಲ್ಲಿ ಇದೇ ಜಗಳ.

ಉತ್ತರ: ಜಗಳ ಮುಂದುವರಿಯಲಿ, ಚೆನ್ನಾಗಿದೆ. ಮೆಕ್ವೀನ್ ಪರ ಇರುವವರು 1970ರಲ್ಲಿ ಅಮೆರಿಕದ ಸೆಬ್ರಿಂಗ್‌ನಲ್ಲಿ ನಡೆದ 12 ಗಂಟೆ ರೇಸನ್ನು ಮುಂದಿಡಬಹುದು. ಮೋಟಾರ್ ಸೈಕಲ್ ರೇಸಿನಲ್ಲಿ ಎಡಗಾಲು ಮುರಿದು ಪ್ಲಾಸ್ಟರ್ ಹಾಕಿದ್ದರೂ ಅವರು ಪೋರ್ಷೆ 908 ಓಡಿಸಿ ಪೀಟರ್ ರೆವ್ಸನ್ ಜೊತೆ ಎರಡನೆಯವರಾದರು. ರೇಸಿನ ಬಹುಪಾಲು ಓಡಿಸಿದ್ದು ರೆವ್ಸನ್ ಅನ್ನೋದನ್ನೂ ಸೇರಿಸಿ ಹೇಳಬೇಕು. ಅವತ್ತು ಅರ್ಧ ನಿಮಿಷಕ್ಕೂ ಕಡಿಮೆ ಅಂತರದಲ್ಲಿ ಗೆದ್ದದ್ದು ಫೆರಾರಿಯ ಮಾರಿಯೊ ಆಂಡ್ರೆಟ್ಟಿ. ಅದೇ ಆಂಡ್ರೆಟ್ಟಿ ನ್ಯೂಮನ್ ಪಾಲುದಾರರಾಗಿ 1983ರಲ್ಲಿ ಶುರುವಾದ ನ್ಯೂಮನ್/ಹಾಸ್ ರೇಸ್ ತಂಡದ ಮೊದಲ ಚಾಲಕ. ಮರುವರ್ಷವೇ ಆ ತಂಡಕ್ಕೆ ಚಾಂಪಿಯನ್‌ಶಿಪ್ ತಂದುಕೊಟ್ಟರು.

ನನ್ನ ಓಟು ನ್ಯೂಮನ್‌ಗೆ. ಮೆಕ್ವೀನ್ 50ಕ್ಕೇ ತೀರಿಕೊಂಡರು. ನ್ಯೂಮನ್ 50 ದಾಟಿದ ಮೇಲೆ ಮೂವತ್ತು ವರ್ಷ ಓಡಿಸಿದರು. ಇಬ್ಬರಿಗೂ ಸಿಕ್ಕ ಕಾಲ ಒಂದೇ ಆಗಿರಲಿಲ್ಲ, ಅದನ್ನು ಒಪ್ಪುತ್ತೇನೆ.

ಪ್ರಶ್ನೆ: ನಟ ಜೇಮ್ಸ್ ಡೀನ್‌ಗೂ ನ್ಯೂಮನ್‌ಗೂ ಏನು ಸಂಬಂಧ?

ಉತ್ತರ: ದುಃಖದ ಸಂಬಂಧ. ಡೀನ್‌ಗೂ ರೇಸ್ ಅಂದರೆ ಪ್ರಾಣ. 1955ರ ಸೆಪ್ಟೆಂಬರ್ 30ರಂದು ಕ್ಯಾಲಿಫೋರ್ನಿಯಾದ ಸಲಿನಾಸ್‌ನಲ್ಲಿದ್ದ ರೇಸಿಗೆ ತಮ್ಮ ಪೋರ್ಷೆ ಓಡಿಸಿಕೊಂಡು ಹೋಗುವಾಗ ಅಪಘಾತದಲ್ಲಿ ಸತ್ತರು. ಆಗ ಬರೀ 24 ವರ್ಷ. ಅವರು ಮಾಡಬೇಕಿದ್ದ ಬಾಕ್ಸರ್ ಪಾತ್ರವೊಂದು ನ್ಯೂಮನ್‌ಗೆ ಬಂತು. ನ್ಯೂಮನ್ ಹೆಸರು ಮಾಡಿದ್ದೇ ಆ ಚಿತ್ರದಿಂದ.

ಪ್ರಶ್ನೆ: ಅವರ ಕೈಗಡಿಯಾರ ಕೋಟಿಗಟ್ಟಲೆಗೆ ಮಾರಾಟವಾಯಿತಂತೆ. ಅದರಲ್ಲಿ ಅಂಥದ್ದೇನಿತ್ತು?

ಉತ್ತರ: ಮೂರು ಪದ ಇದ್ದವು. ಹೆಂಡತಿ ಜೋನ್ ವುಡ್‌ವರ್ಡ್ ಕೊಟ್ಟ ರೋಲೆಕ್ಸ್ ಅದು. ಹಿಂಭಾಗದಲ್ಲಿ ‘ಹುಷಾರಾಗಿ ಓಡಿಸು, ನಾನು’ ಅನ್ನುವ ಅರ್ಥದ ಇಂಗ್ಲಿಷ್ ಮಾತನ್ನು ಕೆತ್ತಿಸಿದ್ದರು. ರೇಸಿಗೆ ಹೋಗಬೇಡ ಅನ್ನಲಿಲ್ಲ ನೋಡಿ. 1984ರಲ್ಲಿ ನ್ಯೂಮನ್ ಅದನ್ನು ಮಗಳ ಗೆಳೆಯನಿಗೆ ಸುಮ್ನೆ ಕೊಟ್ಟುಬಿಟ್ಟರು. ಟೈಮ್ ಎಷ್ಟು ಅಂತ ಕೇಳಿದರು, ಆ ಹುಡುಗನ ಹತ್ತಿರ ವಾಚ್ ಇರಲಿಲ್ಲ, ಅಷ್ಟೇ ಕಾರಣ. 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದಕ್ಕೆ ಒಂದು ಕೋಟಿ 77 ಲಕ್ಷ ಡಾಲರ್‌ಗೂ ಹೆಚ್ಚು ಬಂತು.

ಪ್ರಶ್ನೆ: 70ನೇ ವಯಸ್ಸಿನಲ್ಲಿ ರೇಸ್ ಗೆದ್ದರು ಅನ್ನೋದು ಅಭಿಮಾನಿಗಳು ಕಟ್ಟಿದ ಕಥೆ ಇರಬೇಕಲ್ವಾ?

ಉತ್ತರ: ಕಥೆ ಅಲ್ಲ. 1995ರಲ್ಲಿ ಅಮೆರಿಕದ ಡೇಟೋನಾದಲ್ಲಿ ನಡೆದ 24 ಗಂಟೆ ರೇಸ್. ಹುಟ್ಟುಹಬ್ಬ ಜನವರಿ 26ಕ್ಕೆ, ರೇಸ್ ಫೆಬ್ರುವರಿ ಮೊದಲ ವಾರ. 70 ತುಂಬಿ ಹತ್ತು ದಿನ ಆಗಿತ್ತು ಅಷ್ಟೇ. ಅವರ ಫೋರ್ಡ್ ಮಸ್ಟಾಂಗ್ ಮೇಲೆ ಬರೆದಿದ್ದ ನಂಬರೂ 70. ಟಾಮಿ ಕೆಂಡಾಲ್, ಮಾರ್ಕ್ ಮಾರ್ಟಿನ್, ಮೈಕ್ ಬ್ರಾಕ್ಮನ್ ಜೊತೆ ಓಡಿಸಿ ತಮ್ಮ ವಿಭಾಗದಲ್ಲಿ, ಅಂದರೆ ತಮ್ಮ ಬಗೆಯ ಕಾರುಗಳ ಗುಂಪಿನಲ್ಲಿ, ಗೆದ್ದರು. ಒಟ್ಟಾರೆ ಲೆಕ್ಕದಲ್ಲಿ ಮೂರನೆಯವರು. 80ಕ್ಕೆ ಮತ್ತೆ ಅದೇ ರೇಸಿಗೆ ಇಳಿದರು.

ಕ್ಯಾನ್ಸರ್ ಹಣ್ಣು ಮಾಡಿದ್ದಾಗ, 2008ರ ಆಗಸ್ಟ್‌ನಲ್ಲಿ, ತಮ್ಮ ಊರಿನ ಕಡೆಯ ಲೈಮ್ ರಾಕ್ ಟ್ರ್ಯಾಕಿನಲ್ಲಿ ಕಾರ್ವೆಟ್ ಕಾರಿನಲ್ಲಿ ಕೊನೆಯ ಸಲ ಕೆಲವು ಸುತ್ತು ಹಾಕಿದರು. ಪ್ರೇಕ್ಷಕರಿರಲಿಲ್ಲ, ಮನೆಯವರು ಮತ್ತು ಹತ್ತಿರದವರಷ್ಟೇ ಇದ್ದರು. ಮುಂದಿನ ತಿಂಗಳು ಹೋಗಿಬಿಟ್ಟರು.

ಪ್ರಶ್ನೆ: ಅವರ ರೇಸ್ ಬದುಕನ್ನು ತೆರೆಯ ಮೇಲೆ ನೋಡಬಹುದೇ?

ಉತ್ತರ: 2015ರಲ್ಲಿ ಆ್ಯಡಮ್ ಕರೊಲ್ಲಾ ಅದರ ಬಗ್ಗೆಯೇ ಒಂದು ಸಾಕ್ಷ್ಯಚಿತ್ರ ಮಾಡಿದ್ದಾರೆ, ಮೊದಲು ಅದನ್ನು ನೋಡಿ. ಮನೆಯಲ್ಲಿ ಮಕ್ಕಳಿದ್ದರೆ 2006ರ ‘ಕಾರ್ಸ್’ ಎಂಬ ಆ್ಯನಿಮೇಷನ್ ಚಿತ್ರ ಹಾಕಿ. ಮಣ್ಣಿನ ರಸ್ತೆಯಲ್ಲಿ ತಿರುವು ಹೇಗೆ ಹಾಕಬೇಕು ಅಂತ ಎಳೆಯ ಕಾರಿಗೆ ಕಲಿಸುವ ಹಡ್ಸನ್ ಹಾರ್ನೆಟ್ ಎಂಬ ಮುದಿ ಕಾರು ಇದೆಯಲ್ಲ, ಆ ಗಡಸು ದನಿ ನ್ಯೂಮನ್ ಅವರದೇ.