ಎತ್ತದೇ ಬಿಟ್ಟ ಎರಡು ಫೋನ್ ಕರೆ

'ನಾನು ಹುಟ್ಟಾ ಸೋಮಾರಿ, ಈಗ ಅದಕ್ಕೊಂದು ಇಂಗ್ಲಿಷ್ ಹೆಸರು ಸಿಕ್ಕಿದೆ ಅಷ್ಟೆ' ಎಂದು ನಿಮ್ಮ ಪತ್ರದಲ್ಲಿ ಬರೆದಿದ್ದೀರಿ. ಆ ಸಾಲು ಓದಿ ಸಂಕಟವಾಯಿತು. ಸೋಮಾರಿ ಎಂಬ ಪದದ ಮೇಲೆ ನನಗಿರುವ ಹಗೆ ಈ ಅಂಕಣದ ಓದುಗರಿಗೆ ಹೊಸದಲ್ಲ. ಎಷ್ಟೋ ಮನೆಗಳಲ್ಲಿ ವೈದ್ಯರು ಹೇಳಬೇಕಾದ ಮಾತಿನ ಜಾಗದಲ್ಲಿ ಅದು ವರ್ಷಗಟ್ಟಲೆ ಕೂತಿರುತ್ತದೆ.

ನಿಮ್ಮ ವಿಷಯ ಇಷ್ಟು. ಊರು ಹುಬ್ಬಳ್ಳಿ, ವಯಸ್ಸು 33, ಓದಿದ್ದು ಬಿ.ಕಾಂ. ಹತ್ತು ವರ್ಷಗಳಲ್ಲಿ ಏಳು ಕೆಲಸ. ಕಳೆದ ವರ್ಷ ಮನೋವೈದ್ಯರು ಎಡಿಎಚ್‌ಡಿ ಎಂದು, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ ಎಂದು ಗುರುತಿಸಿ ಮಾತ್ರೆ ಕೊಟ್ಟಿದ್ದಾರೆ, ತಲೆ ಸ್ವಲ್ಪ ಹಗುರಾಗಿದೆ. ಸದ್ಯ ತೆರಿಗೆ ಸಲಹೆಗಾರರೊಬ್ಬರ ಬಳಿ ಜಿಎಸ್‌ಟಿ ಲೆಕ್ಕ ಬರೆಯುತ್ತೀರಿ. ತಿಂಗಳ 20ಕ್ಕೆ ರಿಟರ್ನ್ಸ್ ಸಲ್ಲಿಸಬೇಕು. 18ರವರೆಗೆ ಬಿಲ್ಲುಗಳ ಕಟ್ಟಿನ ದಾರ ಬಿಚ್ಚಿರುವುದಿಲ್ಲ, 19ರ ರಾತ್ರಿ ಎರಡು ಗಂಟೆಯವರೆಗೆ ಕೂತು ಮುಗಿಸುತ್ತೀರಿ, ತಪ್ಪುಗಳಿಗೆ ಬೈಸಿಕೊಳ್ಳುತ್ತೀರಿ. ಈಗ ನಿಮ್ಮ ಸೋದರಮಾವ ಈ ಕೆಲಸವನ್ನೂ ಬಿಡಿಸಿ, ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಟ್ಟು, ವರ್ಷವಿಡೀ ಎಫ್‌ಡಿಎ ಎಂಬ ಸರ್ಕಾರಿ ಗುಮಾಸ್ತ ಹುದ್ದೆಯ ಪರೀಕ್ಷೆಗೆ ಓದಿಸಲು ಹೊರಟಿದ್ದಾರೆ. ಎಡಿಎಚ್‌ಡಿ ಇರುವವನಿಗೆ ಯಾವ ಕೆಲಸ ಹೊಂದುತ್ತದೆ ಎಂಬುದು ನಿಮ್ಮ ಪ್ರಶ್ನೆ.

ಉತ್ತರ ನಿಮ್ಮ ಪತ್ರದ ಕೊನೆಯಲ್ಲೇ ಇದೆ. 'ನಡುವೆ ಎರಡೂವರೆ ವರ್ಷ ಒಂದು ಪಾರ್ಸೆಲ್ ಆಫೀಸಿನಲ್ಲಿದ್ದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಿಟ್ಟ ಮೇಲೂ ಮಾಲೀಕರು ಎರಡು ಸಲ ಫೋನ್ ಮಾಡಿದ್ದರು, ನಾಚಿಕೆಯಾಗಿ ಎತ್ತಲಿಲ್ಲ.'

ನಾನು ಅದನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ. ಉಳಿದ ಕಡೆ ನೀವು ಒಂದೂವರೆ ವರ್ಷವೂ ನಿಂತಿಲ್ಲ. ಅಲ್ಲಿ ಬೆಂಗಳೂರಿನ ಲಾರಿ ರಾತ್ರಿ ಒಂಬತ್ತಕ್ಕೆ ಹೊರಡಲೇಬೇಕಿತ್ತು. ನಿಮ್ಮ ಕೈಯಲ್ಲಿ ಮಾರ್ಕರ್ ಪೆನ್ನು, ಕಣ್ಣೆದುರು ಪೆಟ್ಟಿಗೆ, ಮೂಟೆಗಳು, ಸುತ್ತ ಹಮಾಲರು. ಒಂದೊಂದು ಮೂಟೆ ಏರಿದಂತೆ ಪಟ್ಟಿಯಲ್ಲಿ ಒಂದೊಂದು ಗೆರೆ. ಲಾರಿ ತಿರುವು ದಾಟಿದರೆ ಆ ದಿನದ ಕೆಲಸ ಮುಗಿಯಿತು, ನಾಳೆಗೆ ಬಾಕಿಯಿಲ್ಲ. 'ಎಣಿಕೆ ಒಂದು ದಿನವೂ ತಪ್ಪಲಿಲ್ಲ' ಎಂದು ನೀವೇ ಬರೆದಿದ್ದೀರಿ. ಸೋಮಾರಿಯ ಕೈಯಲ್ಲಿ ಆಗುವ ಕೆಲಸವೇ ಇದು?

ಎಡಿಎಚ್‌ಡಿ ಇರುವವರಿಗೆ ಗಮನವೇ ಇಲ್ಲವೆಂದಲ್ಲ, ಕರೆದಾಗ ಅದು ಬರುವುದಿಲ್ಲ. ದೂರದ ಗಡುವು ಅದನ್ನು ಅಲುಗಿಸುವುದೇ ಇಲ್ಲ. ಐದನೆಯ ತಾರೀಖಿನಲ್ಲಿ ನಿಂತವನಿಗೆ ಇಪ್ಪತ್ತನೆಯ ತಾರೀಖು ಕಾಣುವುದಿಲ್ಲ. ಗಡುವು ಹತ್ತಿರವಿದ್ದು, ಕೆಲಸ ಕಣ್ಣಿಗೆ ಬಿದ್ದು, ಪಕ್ಕದಲ್ಲೊಬ್ಬರಿದ್ದು, ಕೈಕಾಲು ಆಡುತ್ತಿದ್ದರೆ ನಿಮ್ಮ ಮನಸ್ಸು ನಿಲ್ಲುತ್ತದೆ. ಇದೇ ತೊಂದರೆಯಿರುವ ಇನ್ನೊಬ್ಬರಿಗೆ ಆ ಗದ್ದಲ ಒಂದು ದಿನವೂ ಆಗದಿರಬಹುದು. ಅದಕ್ಕೇ ನಾನು ಯಾವಾಗಲೂ ಹೇಳುವುದು, ಕೆಲಸದ ಹೆಸರು ಕೇಳಬೇಡಿ, ಅಲ್ಲಿ ಒಂದು ದಿನ ಹೇಗೆ ಸಾಗುತ್ತದೆ ಎಂದು ಕೇಳಿ.

'ಏಳನೆಯ ತರಗತಿಯವರೆಗೆ ಮೊದಲಿಗನಾಗಿದ್ದವನಿಗೆ ಈಗೆಲ್ಲಿಂದ ಬಂತು ಈ ರೋಗ' ಎನ್ನುವ ನಿಮ್ಮ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಲಕ್ಷಣಗಳು ಹನ್ನೆರಡು ವರ್ಷದೊಳಗೇ ಇದ್ದಿರಬೇಕು ಎನ್ನುತ್ತದೆ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ. ನಿಮ್ಮಲ್ಲೂ ಅವು ಇದ್ದವು. ಸಂಜೆ ತಾಯಿ ಪಕ್ಕದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರೆ ನಿಮ್ಮ ಲೆಕ್ಕ ಸಾಗುತ್ತಿತ್ತು, ಅವರೆದ್ದು ಒಳಗೆ ಹೋದರೆ ಪೆನ್ಸಿಲ್ ನಿಲ್ಲುತ್ತಿತ್ತು. ಎಂಟನೆಯ ತರಗತಿಗೆ ಹಾಸ್ಟೆಲ್ ಸೇರಿದಿರಿ, ಅಂಕ ಕುಸಿಯಿತು. ಆ ತಾಯಿ ತಮಗೇ ಗೊತ್ತಿಲ್ಲದೆ ನಿಮ್ಮನ್ನು ಅಷ್ಟು ವರ್ಷ ಕಾಪಾಡಿದ್ದಾರೆ. ಇದನ್ನು ಅವರಿಗೆ ಓದಿ ಹೇಳಿ.

ನನ್ನ ಸಿಟ್ಟೆಲ್ಲ ಸೋದರಮಾವನ ಮೇಲೆ. 'ಡಿಗ್ರಿ ಓದಿ ಹಮಾಲರ ನಡುವೆ ನಿಂತರೆ ಹೆಣ್ಣು ಯಾರು ಕೊಡುತ್ತಾರೆ' ಎಂದು ಆ ಪಾರ್ಸೆಲ್ ಆಫೀಸು ಬಿಡಿಸಿದವರು ಅವರೇ. ನೀವು ನೆಲೆ ನಿಂತಿದ್ದ ಒಂದೇ ಜಾಗದಿಂದ ನಿಮ್ಮನ್ನು ಎಬ್ಬಿಸಿದವರು ಈಗ ಕೊಡುತ್ತಿರುವುದೇನು? ಒಂಟಿ ಕೋಣೆ, ಗೋಡೆಗೆ ಮುಖ ಮಾಡಿದ ಮೇಜು, ತಾರೀಖು ಕೂಡ ಪ್ರಕಟವಾಗದ ಒಂದು ಪರೀಕ್ಷೆ. ನಿಮ್ಮ ಮಿದುಳಿಗೆ ಇದಕ್ಕಿಂತ ಒಗ್ಗದ ವರ್ಷವನ್ನು ಬೇಕೆಂದೇ ಹುಡುಕಿದರೂ ಸಿಗದು.

ನೀವು ಮಾಡಬೇಕಾದದ್ದು ಒಂದೇ. ಆ ಮಾಲೀಕರನ್ನು ಹೋಗಿ ಕಾಣಿ. ಫೋನ್ ಬೇಡ, ಸಂಜೆ ಏಳರ ಹೊತ್ತಿಗೆ, ಲೋಡಿಂಗ್ ನಡೆಯುವಾಗಲೇ ಹೋಗಿ. ಅಂದು ಫೋನ್ ಎತ್ತದ್ದಕ್ಕೆ ಕ್ಷಮೆ ಕೇಳಿ, ಕೆಲಸವಿದೆಯೇ ಎಂದು ಕೇಳಿ. ಇದ್ದರೆ, ಲಾರಿ ಹೊರಡಿಸುವ ಹೊಣೆ ನನಗಿರಲಿ, ತಿಂಗಳ ಲೆಕ್ಕಪತ್ರ ಬೇರೆಯವರಿಗಿರಲಿ ಎಂದು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಯಾವ ಗೋದಾಮಿನಲ್ಲಿ, ಯಾವ ಸಾಗಣೆ ಕಚೇರಿಯಲ್ಲಿ ಅಂಥ ಕೆಲಸವಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಮುಂದಿನ ವಾರಕ್ಕೆ ದೂಡಬೇಡಿ, ಇವತ್ತು ಸಂಜೆಯೇ ಹೊರಡಿ. ಕಾಲು ಹಿಂಜರಿದರೆ ತಾಯಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.